ಡಾಟ್ಸನ್ 240ಝೆಡ್ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದೆಯಾ? ಬಿಚ್ಚುವ ಮೊದಲು ಇದನ್ನು ಓದಿ

ಹಳೆ ಡಾಟ್ಸನ್ ಝೆಡ್ ಅನ್ನುವ ಜಪಾನಿ ಸ್ಪೋರ್ಟ್ಸ್ ಕಾರು ಕೊಂಡವರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಎಂಜಿನ್ ಗಟ್ಟಿಯಾಗಿದೆ, ತುಕ್ಕೂ ಅಷ್ಟಿಲ್ಲ, ಆದರೆ ಡ್ಯಾಶ್‌ಬೋರ್ಡ್ ಸೀಳಿಹೋಗಿದೆ, ಏನು ಮಾಡೋದು? ಕೇಳುವವರಲ್ಲಿ ಕ್ಯಾಲಿಫೋರ್ನಿಯಾ, ಅರಿಜೋನಾ, ಟೆಕ್ಸಸ್ ಕಡೆ ಇರುವ ನಮ್ಮವರೇ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಬಿಸಿಲೂರಿನ ಕಾರಿಗೆ ತುಕ್ಕು ಕಡಿಮೆ, ಡ್ಯಾಶ್ ಬಿರುಕು ಜಾಸ್ತಿ. ಎರಡೂ ಇಲ್ಲದ ಕಾರು ನಿಮಗೆ ಸಿಕ್ಕಿದ್ದರೆ ಪುಣ್ಯವಂತರು, ಈ ಲೇಖನ ನಿಮಗೆ ಬೇಡ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಅಮೆರಿಕದಲ್ಲಿ 1970ರಿಂದ 1973ರವರೆಗೆ ಮಾರಾಟವಾದ 240ಝೆಡ್ ಬಗ್ಗೆ. ಅದರ ನಂತರ ಬಂದ 260ಝೆಡ್ ಮತ್ತು 280ಝೆಡ್‌ಗೂ ಬಹುಪಾಲು ಇದೇ ಅನ್ವಯಿಸುತ್ತದೆ. ಬೇರೆ ಕಂಪನಿಯ ಅದೇ ಕಾಲದ ಕಾರಿದ್ದರೆ ಬಿಚ್ಚುವ ಕ್ರಮ ಬೇರೆಯಾಗುತ್ತದೆ, ಬಿರುಕು ಸರಿಮಾಡುವ ರೀತಿ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿರುಕು ತುಂಬುವುದು ಕಷ್ಟದ ಕೆಲಸ ಅಲ್ಲ. ಬಿರುಕಿನ ಅಂಚನ್ನು ಸರಿಮಾಡುವುದು ಕಷ್ಟ. ಕೆಟ್ಟುಹೋದ ರಿಪೇರಿಗಳನ್ನು ಹತ್ತಿರದಿಂದ ನೋಡಿ, ಹೆಚ್ಚಿನವು ಅಂಚಿನಲ್ಲೇ ಕೆಟ್ಟಿರುತ್ತವೆ.

ಬಿರುಕು ಯಾಕೆ ಬರುತ್ತದೆ

ಈ ಡ್ಯಾಶ್‌ನಲ್ಲಿ ಮೂರು ಪದರ ಇವೆ. ಒಳಗೆ ಉಕ್ಕಿನ ಚೌಕಟ್ಟು. ಅದರ ಮೇಲೆ ಪಾಲಿಯುರಿಥೇನ್ ಫೋಮ್, ಅಂದರೆ ಮೆತ್ತನೆಯ ಸ್ಪಂಜಿನಂಥ ಪದರ. ಎಲ್ಲಕ್ಕೂ ಮೇಲೆ ತೆಳುವಾದ ವಿನೈಲ್ ಚರ್ಮ. ವಿನೈಲ್ ಹುಟ್ಟಿನಿಂದ ಗಡಸು. ಅದನ್ನು ಮೆತ್ತಗಿಡಲು ಎಣ್ಣೆಯಂಥ ಒಂದು ರಾಸಾಯನಿಕ ಬೆರೆಸುತ್ತಾರೆ. ಇದಕ್ಕೆ ಪ್ಲಾಸ್ಟಿಸೈಜರ್ ಅಂತ ಹೆಸರು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದು ನಿಧಾನವಾಗಿ ಆವಿಯಾಗುತ್ತದೆ. ಮುಂದಿನ ಗಾಜಿನ ಒಳಮೈಯಲ್ಲಿ ಜಿಡ್ಡುಜಿಡ್ಡಾಗಿ ಮಂಜು ಕಟ್ಟುತ್ತದಲ್ಲ, ಅದರಲ್ಲಿ ಇದೂ ಸೇರಿದೆ.

ಪ್ಲಾಸ್ಟಿಸೈಜರ್ ಹೋದ ವಿನೈಲ್ ಕುಗ್ಗುತ್ತದೆ. ಒಳಗಿನ ಉಕ್ಕು ಕುಗ್ಗುವುದಿಲ್ಲ. ಎಳೆತ ಜಾಸ್ತಿಯಾಗಿ, ಎಲ್ಲಿ ತಿರುವು ಚೂಪಾಗಿದೆಯೋ ಅಲ್ಲಿ ಸೀಳುತ್ತದೆ. ಝೆಡ್‌ನಲ್ಲಿ ಮಧ್ಯದ ಮೂರು ಸಣ್ಣ ಮೀಟರ್‌ಗಳ ಹುಬ್ಬು, ಗಾಜಿಗೆ ಬಿಸಿಗಾಳಿ ಬಿಡುವ ಕಿಂಡಿಗಳ ಮೂಲೆ, ಡ್ರೈವರ್ ಎದುರಿನ ದೊಡ್ಡ ಮೀಟರ್‌ಗಳ ಛಾವಣಿ, ಇವೇ ಮಾಮೂಲಿ ಜಾಗಗಳು. ಸೀಳಿದ ಮೇಲೆ ಎರಡೂ ಅಂಚು ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಮೇಲಕ್ಕೆ ಏಳುತ್ತವೆ. ತೆರೆದ ಫೋಮ್ ಪುಡಿಯಾಗತೊಡಗುತ್ತದೆ. ಎದ್ದ ಅಂಚನ್ನು ಹಾಗೇ ಬಿಟ್ಟು ನಡುವಿನ ಸಂದಿಗೆ ಮಾತ್ರ ಏನಾದರೂ ತುಂಬಿದರೆ ಯಾಕೆ ನಿಲ್ಲುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಯಾವ ದಾರಿ ಹಿಡಿಯಬೇಕು

ಮೊದಲು ಒಂದು ಪರೀಕ್ಷೆ ಮಾಡಿ. ಬಿರುಕಿನಿಂದ ದೂರ, ಚೆನ್ನಾಗಿರುವ ಹಾಗೆ ಕಾಣುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ. ಚರ್ಮ ಸ್ವಲ್ಪ ತಗ್ಗಿ ವಾಪಸ್ ಬಂದರೆ ಜೀವ ಇದೆ. ಟಿಕ್ ಅಂತ ಸದ್ದು ಬಂದರೆ, ಅಥವಾ ಬಿರುಕಿನ ಅಂಚನ್ನು ಉಗುರಿನಿಂದ ಎತ್ತಿದಾಗ ಚಕ್ಕೆಚಕ್ಕೆಯಾಗಿ ಮುರಿದರೆ, ಆ ಚರ್ಮದ ಕಥೆ ಮುಗಿದಿದೆ. ಇವತ್ತು ಒಂದು ಬಿರುಕು ಮುಚ್ಚಿದರೆ ಮುಂದಿನ ಬೇಸಿಗೆಗೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ.

ಜೀವ ಇರುವ ಚರ್ಮ, ಮೂರು ನಾಲ್ಕು ಬಿರುಕು: ಮನೆಯಲ್ಲೇ ರಿಪೇರಿ ಮಾಡಿ. ಈ ಲೇಖನದ ಬಹುಪಾಲು ಅದರ ಬಗ್ಗೆಯೇ.

ಚರ್ಮ ಪೂರ್ತಿ ಸತ್ತಿದೆ, ಕಾರು ಒಳ್ಳೆಯದು: ಹೊಸ ಚರ್ಮ ಹಾಕಿಸಿ. ಇದನ್ನೇ ಕಸುಬು ಮಾಡಿಕೊಂಡ ಅಂಗಡಿಗಳು ಅಮೆರಿಕದಲ್ಲಿವೆ. ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಬಡಾವಣೆಯ 'ಜಸ್ಟ್ ಡ್ಯಾಶಸ್' ಈ ಕೆಲಸಕ್ಕೆ ಹೆಸರಾದದ್ದು. ಹಳೆ ಚರ್ಮ ತೆಗೆದು, ಫೋಮ್ ಸರಿಮಾಡಿ, ಹೊಸ ವಿನೈಲ್ ಹಾಳೆಯನ್ನು ಬಿಸಿಮಾಡಿ ಡ್ಯಾಶ್ ಮೇಲೆ ಇಳಿಸಿ, ಕೆಳಗಿನಿಂದ ಗಾಳಿ ಹೀರಿ ಅಂಟಿಸುತ್ತಾರೆ. ಇದಕ್ಕೆ ವ್ಯಾಕ್ಯೂಮ್ ಫಾರ್ಮಿಂಗ್ ಅನ್ನುತ್ತಾರೆ. ಖರ್ಚು ಸಾವಿರ ಡಾಲರ್ ಆರಾಮಾಗಿ ದಾಟುತ್ತದೆ, ಕಳಿಸುವ ತರಿಸುವ ಖರ್ಚು ಬೇರೆ. ಕಾಯಬೇಕಾಗುತ್ತದೆ ಕೂಡ. ಯಾರಿಗೇ ಕೊಡಿ, ಅವರು ಮಾಡಿದ ಝೆಡ್ ಡ್ಯಾಶ್‌ನ ಫೋಟೋ ಮೊದಲು ಕೇಳಿ. ಮೀಟರ್‌ಗಳ ಹುಬ್ಬಿನ ಅಂಚು ಚೂಪಾಗಿ ಉಳಿದಿದೆಯಾ, ದುಂಡಗಾಗಿದೆಯಾ ನೋಡಿ. ಒಳ್ಳೆ ಕೆಲಸ ಯಾವುದು, ಸಾಧಾರಣ ಕೆಲಸ ಯಾವುದು ಅಂತ ಗೊತ್ತಾಗುವುದು ಅಲ್ಲೇ.

ಹೊಸದಾಗಿ ಅಚ್ಚು ಹಾಕಿದ ಪೂರ್ತಿ ಡ್ಯಾಶ್ ಕೂಡ ಈಗ ಮಾರಾಟಕ್ಕಿದೆ. ಕೊಳ್ಳುವಾಗ ನಿಮ್ಮ ಕಾರು ತಯಾರಾದ ತಿಂಗಳು, ವರ್ಷ ಹೇಳಿಯೇ ಕೊಳ್ಳಿ. ಡ್ರೈವರ್ ಬಾಗಿಲ ಕಂಬದ ಪಟ್ಟಿಯಲ್ಲಿ ಅದು ಇರುತ್ತದೆ. 240ಝೆಡ್ ಡ್ಯಾಶ್ 280ಝೆಡ್‌ಗೆ ಹಾಗೇ ಕೂರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಡ್ಯಾಶ್ ಕ್ಯಾಪ್. ಹಳೆ ಡ್ಯಾಶ್ ಮೇಲೆ ಟೋಪಿಯಂತೆ ಕೂರುವ ತೆಳು ಪ್ಲಾಸ್ಟಿಕ್ ಚಿಪ್ಪು ಇದು. ಅಗ್ಗ, ಒಂದು ಮಧ್ಯಾಹ್ನದ ಕೆಲಸ, ಎರಡು ಮಾರು ದೂರದಿಂದ ಚೆನ್ನಾಗೇ ಕಾಣುತ್ತದೆ. ದಿನಾ ಓಡಿಸುವ ಕಾರಿಗೆ ಹಾಕಿದರೆ ನನ್ನದೇನೂ ತಕರಾರಿಲ್ಲ. ಆದರೆ ಇದನ್ನು ಸಿಲಿಕೋನ್ ಅಂಟಿನಿಂದ ಕೂರಿಸುತ್ತಾರೆ. ಮುಂದೆ ಯಾವತ್ತಾದರೂ ತೆಗೆಯಲು ಹೋದರೆ ಹಳೆ ಚರ್ಮವೂ ಕಿತ್ತುಕೊಂಡು ಬರುತ್ತದೆ. ನಿಮ್ಮದು ಹಿಂಬಾಗಿಲ ಮೇಲೆ ಗಾಳಿಕಿಂಡಿ ಇರುವ ಮೊದಲ ಸರಣಿಯ ಕಾರಾಗಿದ್ದರೆ ದಯವಿಟ್ಟು ಕ್ಯಾಪ್ ತಂಟೆಗೆ ಹೋಗಬೇಡಿ. 1970ರಲ್ಲಿ 3,526 ಡಾಲರ್‌ಗೆ ಸಿಗುತ್ತಿದ್ದ ಕಾರಿದು. 2020ರ ಜನವರಿಯಲ್ಲಿ 1971ರ ಒಂದು 240ಝೆಡ್ ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರ್‌ಗೆ ಹೋಯಿತು. ಎಲ್ಲ ಕಾರಿಗೂ ಆ ಬೆಲೆ ಬರುವುದಿಲ್ಲ ಬಿಡಿ. ಆದರೆ ಮೂಲ ಭಾಗಗಳಿಗೆ ಹಣ ಕೊಡುವವರು ಇದ್ದಾರೆ.

ಬಟ್ಟೆ ಅಥವಾ ಲೆದರೆಟ್ ಹೊದಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಗಳನ್ನು ನೋಡಿ ಬೆಳೆದವರಿಗೆ ಇದು ಸಹಜವಾಗಿಯೇ ಹೊಳೆಯುತ್ತದೆ. ಚಪ್ಪಟೆ ಡ್ಯಾಶ್ ಆಗಿದ್ದರೆ ಸರಿ. ಝೆಡ್‌ನಲ್ಲಿ ಐದು ಮೀಟರ್‌ಗಳಲ್ಲಿ ಪ್ರತಿಯೊಂದಕ್ಕೂ ಆಳವಾದ ಗುಂಡಿ ಇದೆ. ಹೊಲಿಗೆ ಇಲ್ಲದೆ ಅದರೊಳಗೆ ಬಟ್ಟೆ ಇಳಿಯುವುದಿಲ್ಲ, ಹೊಲಿಗೆ ಹಾಕಿದರೆ ಅದು ಝೆಡ್ ಥರ ಕಾಣುವುದಿಲ್ಲ.

ಕೈ ಹಾಕುವ ಮೊದಲು ಎರಡು ಎಚ್ಚರಿಕೆ

ಅಮೆರಿಕಕ್ಕೆ ಬಂದ ಝೆಡ್‌ಗಳಲ್ಲಿ ಗಾಜಿನ ಮೂಲಕ ಕಾಣುವಂತೆ ಡ್ಯಾಶ್‌ನ ಎಡ ಮೂಲೆಯಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಅದರಲ್ಲಿರುವುದು ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆ. ಆ ಪಟ್ಟಿಯನ್ನು ಕಿತ್ತು ಬೇರೆಡೆ ಹಾಕುವುದು ಕಾನೂನಿನ ವಿಷಯ. ಮನೆಯಲ್ಲೇ ರಿಪೇರಿ ಮಾಡುವುದಾದರೆ ಅದನ್ನು ಮುಟ್ಟಲೇಬೇಡಿ, ಮೇಲೆ ಟೇಪ್ ಹಚ್ಚಿ ಸುತ್ತ ಕೆಲಸ ಮಾಡಿ. ಡ್ಯಾಶ್ ಬದಲಿಸುವುದಾದರೆ ನಿಮ್ಮ ರಾಜ್ಯದ ವಾಹನ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ, ಅವರು ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ, ಪಟ್ಟಿ ಇದ್ದ ಜಾಗದಲ್ಲೇ ಅದರ ಫೋಟೋ ತೆಗೆದಿಡಿ.

ಎರಡನೆಯದು ಝೆಡ್‌ನವರಿಗೆ ಅಲ್ಲ, 1990ರ ದಶಕದ ಕಾರಿಗೆ ಇದನ್ನೇ ಮಾಡಲು ಹೊರಟವರಿಗೆ. ಡ್ಯಾಶ್‌ನೊಳಗೆ ಏರ್‌ಬ್ಯಾಗ್ ಇದ್ದರೆ ಅದರ ಮುಚ್ಚಳದ ಮೇಲೆ ಬಿರುಕು ತುಂಬುವ ಫಿಲ್ಲರ್, ಕ್ಯಾಪ್, ಬಟ್ಟೆ ಯಾವುದೂ ಹಾಕಬೇಡಿ. ಅದು ಸೀಳಿ ತೆರೆದುಕೊಳ್ಳಲೆಂದೇ ಮಾಡಿದ ಮುಚ್ಚಳ.

ಏನೇನು ಬೇಕು

ಸ್ಕ್ರೂಡ್ರೈವರ್‌ನಿಂದಲೇ ಶುರು ಮಾಡೋಣ, ಇಲ್ಲೇ ಬಹಳ ಜನ ಎಡವುತ್ತಾರೆ. ಜಪಾನಿನ ಹಳೆ ಕಾರುಗಳಲ್ಲಿರುವುದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯ ಸ್ಕ್ರೂ. ನೋಡಲು ಫಿಲಿಪ್ಸ್ ಸ್ಕ್ರೂ ಥರವೇ ಇರುತ್ತದೆ, ಆದರೆ ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಒತ್ತಿ ತಿರುಗಿಸಿದರೆ ಜಾರಿ ತಲೆ ಸವೆದುಹೋಗುತ್ತದೆ. ಐವತ್ತು ವರ್ಷ ಹಿಡಿದು ಕೂತ ಸ್ಕ್ರೂ ಅದು. ಜೆಐಎಸ್ ಡ್ರೈವರ್ ಸೆಟ್ ಒಂದು ಕೊಂಡುಬಿಡಿ, ವೆಸೆಲ್ ಕಂಪನಿಯದು ಸುಲಭವಾಗಿ ಸಿಗುತ್ತದೆ.

ಸಾಕೆಟ್‌ಗಳಲ್ಲಿ 8, 10, 12 ಮಿಲಿಮೀಟರ್ ಇದ್ದರೆ ಹೆಚ್ಚಿನ ಕೆಲಸ ಆಗುತ್ತದೆ. ಜೊತೆಗೆ ಚೂಪಾದ ಬ್ಲೇಡ್ ಚಾಕು, 80, 180, 320 ನಂಬರಿನ ಮರಳು ಕಾಗದ, ಮಾಸ್ಕಿಂಗ್ ಟೇಪ್, ಹೆಸರು ಬರೆದು ಅಂಟಿಸಲು ಚೀಟಿಗಳು, ಝಿಪ್ ಇರುವ ಪ್ಲಾಸ್ಟಿಕ್ ಚೀಲಗಳು.

ಫಿಲ್ಲರ್ ವಿಷಯದಲ್ಲಿ ಜಿಪುಣತನ ಬೇಡ. ಬೇಕಾದ್ದು ಬಾಗುವ ಎಪಾಕ್ಸಿ, ಎರಡು ಭಾಗ ಬೆರೆಸಿದ ಮೇಲೆ ಗಟ್ಟಿಯಾಗುವಂಥದ್ದು. ಪಾಲಿವ್ಯಾನ್ಸ್ ಕಂಪನಿ ಇದನ್ನು 'ಪ್ಯಾಡೆಡ್ ಡ್ಯಾಶ್ ಫಿಲ್ಲರ್' ಅನ್ನುವ ಹೆಸರಲ್ಲೇ ಮಾರುತ್ತದೆ. ಕಾರಿನ ಹೊರಮೈಯ ತಗ್ಗು ತುಂಬುವ ಬಾಡಿ ಪುಟ್ಟಿ ಬಳಸಲೇಬೇಡಿ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಡ್ಯಾಶ್ ಬಿಸಿಗೆ ಹಿಗ್ಗಿ ಕುಗ್ಗಿದಾಗ ಪುಟ್ಟಿಯ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಬಣ್ಣಕ್ಕೆ ವಿನೈಲ್‌ಗೆಂದೇ ಮಾಡಿದ ಸ್ಪ್ರೇ ಬೇಕು. ಎಸ್‌ಇಎಂ ಕಂಪನಿಯ 'ಕಲರ್ ಕೋಟ್' ಸರಣಿಯ ಲ್ಯಾಂಡೌ ಬ್ಲ್ಯಾಕ್ ಅನ್ನು ಕಪ್ಪು ಡ್ಯಾಶ್‌ಗಳಿಗೆ ಬಹಳ ಜನ ಹಾಕುತ್ತಾರೆ. ಅದೇ ಕಂಪನಿಯ ಟೆಕ್ಸ್ಚರ್ ಸ್ಪ್ರೇ ಕೂಡ ಬೇಕಾಗುತ್ತದೆ.

ಮೂಗಿಗೆ ಸಾದಾ ಧೂಳಿನ ಮಾಸ್ಕ್ ಒಂದೇ ಸಾಲದು. ಉಜ್ಜುವಾಗ ಅದು ಸಾಕು, ಸ್ಪ್ರೇ ಮಾಡುವಾಗ ರಾಸಾಯನಿಕ ಆವಿಗೆ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಗ್ಯಾರೇಜ್ ಬಾಗಿಲು ತೆರೆದಿಡಿ. ವಾಟರ್ ಹೀಟರ್ ಗ್ಯಾರೇಜ್‌ನಲ್ಲೇ ಇದ್ದರೆ, ಅದರಲ್ಲಿ ಸಣ್ಣ ಬೆಂಕಿ ಉರಿಯುತ್ತಿದ್ದರೆ, ಅಲ್ಲಿ ಸ್ಪ್ರೇ ಮಾಡಲೇಬೇಡಿ.

ಕೆಲಸ, ಹಂತ ಹಂತವಾಗಿ

1. ಬಿಚ್ಚುವ ತಯಾರಿ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ತೆಗೆಯಿರಿ. ಝೆಡ್‌ನಲ್ಲಿ ಇದು ಬರೀ ಶಾಸ್ತ್ರಕ್ಕೆ ಅಲ್ಲ. 240ಝೆಡ್‌ನ ಆಮೀಟರ್, ಅಂದರೆ ಬ್ಯಾಟರಿಗೆ ಹೋಗಿಬರುವ ಕರೆಂಟ್ ತೋರಿಸುವ ಮೀಟರ್, ಆ ಪೂರ್ತಿ ಕರೆಂಟನ್ನು ತನ್ನ ಮೂಲಕವೇ ಹಾಯಿಸುತ್ತದೆ. ಅದರ ದಪ್ಪ ತಂತಿಗೆ ಸ್ಪ್ಯಾನರ್ ತಾಗಿ ಬಾಡಿಗೂ ತಾಗಿದರೆ ಕಿಡಿ, ಹೊಗೆ, ಕರಗಿದ ವೈರಿಂಗ್. ಆಮೇಲೆ ಎರಡೂ ಸೀಟು ಹೊರಗೆ ತೆಗೆಯಿರಿ. ಹತ್ತು ನಿಮಿಷದ ಕೆಲಸ, ಬೆನ್ನು ಉಳಿಯುತ್ತದೆ.

ಚಳಿಯಲ್ಲಿ ಬಿಚ್ಚಬೇಡಿ. ಹಳೆ ಪ್ಲಾಸ್ಟಿಕ್ ತಣ್ಣಗಿದ್ದಾಗ ಬಿಸ್ಕತ್ತು. ಕಾರನ್ನು ಬೆಳಗ್ಗೆ ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ ಶುರು ಮಾಡಿ.

2. ಸ್ಟಿಯರಿಂಗ್ ಮತ್ತು ಕನ್ಸೋಲ್. ಸ್ಟಿಯರಿಂಗ್ ಚಕ್ರದ ನಟ್ ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ಕೆಲವು ಸುತ್ತು ಉಳಿಸಿಕೊಂಡು ಚಕ್ರವನ್ನು ಅಲ್ಲಾಡಿಸಿ ಎಳೆಯಿರಿ. ಇಲ್ಲದಿದ್ದರೆ ಚಕ್ರ ಒಮ್ಮೆಲೇ ಬಿಟ್ಟುಕೊಂಡು ನೇರ ಮೂಗಿಗೆ ಬರುತ್ತದೆ. ಚಕ್ರ ಯಾವ ಕೋನದಲ್ಲಿತ್ತು ಅಂತ ಶಾಫ್ಟ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಡಿ. ಚಕ್ರದ ಕೆಳಗಿನ ಸ್ಟಿಯರಿಂಗ್ ಕಾಲಂ ಸುತ್ತಲಿನ ಪ್ಲಾಸ್ಟಿಕ್ ಕವಚ ತೆಗೆದು, ಕಾಲಂ ಹಿಡಿದ ಬೋಲ್ಟ್‌ಗಳನ್ನು ಬಿಚ್ಚಿ ಅದನ್ನು ಕೆಳಗಿಳಿಸಿ.

ಎರಡು ಸೀಟಿನ ನಡುವಿನ ಕನ್ಸೋಲ್ ಮೇಲೆ ಚೋಕ್ ಲಿವರ್ ಇದೆ. ಅದರ ಕೇಬಲ್ ಬಿಡಿಸದೆ ಕನ್ಸೋಲ್ ಎಳೆದರೆ ಕೇಬಲ್ ಮಡಿಚಿಹೋಗುತ್ತದೆ. ಗ್ಲೋವ್ ಬಾಕ್ಸ್‌ನ ಒಳಡಬ್ಬಿ ರಟ್ಟಿನದು, ಮೆಲ್ಲಗೆ ತೆಗೆಯಿರಿ. ರೇಡಿಯೋ, ಹೀಟರ್ ಲಿವರ್‌ಗಳ ಮುಖಪಟ್ಟಿ ಎಲ್ಲ ಈಗಲೇ ಹೊರಬರಲಿ. ಪ್ರತಿ ಭಾಗದ ಸ್ಕ್ರೂಗಳಿಗೂ ಬೇರೆ ಚೀಲ, ಚೀಲದ ಮೇಲೆ ಹೆಸರು. ಎಲ್ಲ ಒಂದೇ ಡಬ್ಬಿಗೆ ಹಾಕಿ 'ಆಮೇಲೆ ನೆನಪಾಗುತ್ತೆ' ಅಂದುಕೊಳ್ಳಬೇಡಿ, ಆಗಲ್ಲ.

3. ತಂತಿಗಳು. ಮೀಟರ್‌ಗಳನ್ನು ಕಾರಿನೊಳಗೇ ಒಂದೊಂದಾಗಿ ಬಿಚ್ಚಲು ಹೋಗಬೇಡಿ. ಇಕ್ಕಟ್ಟಿನಲ್ಲಿ ಕೈ ತೂರಿಸಿ ಎಳೆದಾಗಲೇ ಬಲ್ಬ್ ಹೋಲ್ಡರ್, ಕನೆಕ್ಟರ್ ಮುರಿಯುವುದು. ಡ್ಯಾಶ್‌ನ ವೈರಿಂಗ್ ಕಾರಿನ ಉಳಿದ ವೈರಿಂಗ್‌ಗೆ ಸೇರುವ ಕಡೆ ಕನೆಕ್ಟರ್‌ಗಳನ್ನು ಬಿಡಿಸಿ, ಮೀಟರ್ ಸಮೇತ ಇಡೀ ಡ್ಯಾಶ್ ಹೊರತನ್ನಿ. ಉಳಿದದ್ದನ್ನು ಮೇಜಿನ ಮೇಲೆ ನೆಮ್ಮದಿಯಾಗಿ ಬಿಚ್ಚಬಹುದು.

ಕನೆಕ್ಟರ್ ಬಿಡಿಸುವಾಗ ತಂತಿ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಹಿಡಿದು ಎಳೆಯಿರಿ. ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ ಫೋಟೋ ತೆಗೆಯಿರಿ. ಸ್ಪೀಡೋಮೀಟರ್‌ಗೆ ಗೇರ್‌ಬಾಕ್ಸ್‌ನಿಂದ ಬರುವ ಕೇಬಲ್ ಇದೆ, ಮೀಟರ್ ಹಿಂದೆ ಅದರ ಉಂಗುರವನ್ನು ಕೈಯಿಂದ ತಿರುಗಿಸಿ ಬಿಡಿಸಿ.

4. ಡ್ಯಾಶ್ ಹೊರಗೆ. ಡ್ಯಾಶ್ ಹಿಡಿದ ಬೋಲ್ಟ್‌ಗಳು ಪಕ್ಕಗಳಲ್ಲಿ, ಮಧ್ಯದಲ್ಲಿ, ಗಾಜಿನ ಕಡೆಯೂ ಇರುತ್ತವೆ. ಕಂಪನಿಯ ಸರ್ವಿಸ್ ಮ್ಯಾನ್ಯುಯಲ್‌ನ ಸ್ಕ್ಯಾನ್ ಪ್ರತಿ ಇಟ್ಟುಕೊಂಡು ನಿಮ್ಮ ವರ್ಷದ ಚಿತ್ರಕ್ಕೆ ಹೋಲಿಸಿ. ಬರುತ್ತಿಲ್ಲ ಅಂದರೆ ಎಲ್ಲೋ ಒಂದು ಬೋಲ್ಟ್ ಉಳಿದಿದೆ ಅಂತ ಅರ್ಥ, ಬಲ ಹಾಕಬೇಡಿ. ಬಿಸಿಗಾಳಿಯ ಕೊಳವೆಗಳನ್ನೂ ಬಿಡಿಸಿದ್ದೀರಾ ನೋಡಿ. ಎತ್ತಲು ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಎಳೆದರೆ ಡ್ಯಾಶ್ ಮಧ್ಯಕ್ಕೆ ಬಾಗಿ ಇದ್ದ ಬಿರುಕು ಇನ್ನೂ ಬಾಯಿ ಬಿಡುತ್ತದೆ.

ಕಾರು ಬರಿದಾಗಿರುವಾಗಲೇ ಹೀಟರ್ ಕೋರ್, ಅದರ ರಬ್ಬರ್ ಪೈಪು, ನೀರಿನ ವಾಲ್ವ್ ಸೋರುತ್ತಿವೆಯಾ ನೋಡಿ. ಫ್ಯೂಸ್ ಬಾಕ್ಸ್‌ನಲ್ಲಿ ಎಲ್ಲಾದರೂ ಕಪ್ಪಾಗಿ ಕರಗಿದ ಗುರುತಿದೆಯಾ ನೋಡಿ, ಈ ಕಾರಿನಲ್ಲಿ ಅದು ಹಳೆ ಕಾಯಿಲೆ. ಮುಂದಿನ ಗಾಜು ಬದಲಿಸುವ ಯೋಚನೆ ಇದ್ದರೆ ಅದಕ್ಕೂ ಇದೇ ಸಮಯ.

5. ತೊಳೆಯುವುದು. ಮೀಟರ್, ವೈರಿಂಗ್ ಎಲ್ಲ ಬಿಚ್ಚಿಟ್ಟ ಮೇಲೆ ಡ್ಯಾಶ್ ತೊಳೆಯಬೇಕು. ಉಜ್ಜುವುದಕ್ಕೆ ಮೊದಲೇ ತೊಳೆಯಬೇಕು, ಇದು ಮುಖ್ಯ. ಹಿಂದಿನ ಮಾಲೀಕರು ಡ್ಯಾಶ್ ಹೊಳೆಯಲಿ ಅಂತ ವರ್ಷಗಟ್ಟಲೆ ಸಿಲಿಕೋನ್ ಪಾಲಿಶ್ ಬಳಿದಿರುತ್ತಾರೆ. ಅದರ ಮೇಲೆ ಮರಳು ಕಾಗದ ಆಡಿಸಿದರೆ ಸಿಲಿಕೋನ್ ಇನ್ನೂ ಒಳಗೆ ಹೋಗುತ್ತದೆ. ಆಮೇಲೆ ಬಣ್ಣ ಹೊಡೆದಾಗ ಅಲ್ಲಲ್ಲಿ ದುಂಡಗೆ ಕುಳಿ ಬಿಟ್ಟುಕೊಂಡು ಹಿಂದೆ ಸರಿಯುತ್ತದೆ. ಪೇಂಟರ್‌ಗಳು ಇದಕ್ಕೆ ಫಿಶ್ ಐ ಅನ್ನುತ್ತಾರೆ.

ಪಾತ್ರೆ ತೊಳೆಯುವ ಸೋಪು, ಬೆಚ್ಚಗಿನ ನೀರು, ಮೆದು ಬ್ರಷ್. ತೆರೆದ ಫೋಮ್ ಒಳಗೆ ನೀರು ಹೋಗದಂತೆ ಬಿರುಕುಗಳ ಮೇಲೆ ಟೇಪ್ ಹಚ್ಚಿ. ಒಣಗಿದ ಮೇಲೆ ಮೇಣ ಮತ್ತು ಜಿಡ್ಡು ತೆಗೆಯುವ ದ್ರವದಿಂದ ಎರಡು ಸಲ ಒರೆಸಿ. ಒಂದು ಬಟ್ಟೆಯಿಂದ ಹಚ್ಚಿ, ಒಣಗುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ತೆಗೆಯಬೇಕು. ಒಂದೇ ಬಟ್ಟೆಯಲ್ಲಿ ಸುಮ್ನೆ ಒರೆಸುತ್ತಾ ಹೋದರೆ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಷ್ಟೇ.

6. ಅಂಚು ಕತ್ತರಿಸುವುದು. ಇದೇ ಕೆಲಸದ ಹೃದಯ. ಆತುರ ಬೇಡ.

ಮೊದಲು ಬಿರುಕಿನ ಎರಡೂ ತುದಿ ಹುಡುಕಿ. ಕಣ್ಣಿಗೆ ಕಾಣುವ ತುದಿಗಿಂತ ನಿಜವಾದ ತುದಿ ಸ್ವಲ್ಪ ಮುಂದೆ ಇರುತ್ತದೆ. ಬೆರಳಿನಿಂದ ಎರಡೂ ಕಡೆ ಒತ್ತಿ ಬಾಗಿಸಿದರೆ ಕೂದಲೆಳೆಯ ಗೆರೆ ತೆರೆದುಕೊಳ್ಳುತ್ತದೆ. ಅಲ್ಲಿ ಮೂರು ಮಿಲಿಮೀಟರ್‌ನ ಸಣ್ಣ ದುಂಡು ತೂತು ಮಾಡಿ. ಎಳೆತ ಒಂದೇ ಬಿಂದುವಿನ ಮೇಲೆ ಬೀಳದೆ ತೂತಿನ ಸುತ್ತ ಹಂಚಿಹೋಗುತ್ತದೆ, ಬಿರುಕು ಮುಂದೆ ಓಡುವುದಿಲ್ಲ.

ಆಮೇಲೆ ಬಿರುಕಿನ ಅಕ್ಕಪಕ್ಕ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಚರ್ಮ ಫೋಮ್‌ನಿಂದ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಬರುತ್ತದೆ. ಸದ್ದು ಬದಲಾಗುವ ಗೆರೆಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಆ ಗೆರೆಯವರೆಗಿನ ಎದ್ದ ಚರ್ಮವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಕೂದಲೆಳೆಯ ಬಿರುಕು ಈಗ ಒಂದು ಇಂಚು ಅಗಲದ ಹೊಂಡ ಆಗಿರುತ್ತದೆ. ನೋಡಿ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಎದ್ದ ಅಂಚು ಉಳಿಸಿಕೊಂಡು ಅದನ್ನೇ ಅಂಟಿನಿಂದ ಕೂರಿಸುತ್ತೇನೆ ಅಂದರೆ, ಕುಗ್ಗಿದ ಚರ್ಮ ಮತ್ತೆ ಏಳದೆ ಇರುವುದಿಲ್ಲ.

ಬ್ಲೇಡ್ ಓರೆಯಾಗಿ ಹಿಡಿಯಿರಿ. ಕತ್ತರಿಸಿದ ಬಾಯಿ ಮೇಲೆ ಅಗಲ, ಕೆಳಗೆ ಕಿರಿದು ಆಗಬೇಕು. ಫೋಮ್ ಅನ್ನು ಚರ್ಮದ ಮಟ್ಟಕ್ಕಿಂತ ಮೂರು ಮಿಲಿಮೀಟರ್ ತಗ್ಗಿಸಿ. ಪುಡಿಯಾಗಿ ಬರುವ ಫೋಮ್ ಎಲ್ಲ ಕೆರೆದು ವ್ಯಾಕ್ಯೂಮ್ ಮಾಡಿ. ಕೊನೆಗೆ 80ರ ಕಾಗದದಿಂದ ಹೊಂಡದ ಸುತ್ತ ಎರಡು ಇಂಚಿನವರೆಗೆ ಚರ್ಮವನ್ನು ಇಳಿಜಾರಾಗಿ ಉಜ್ಜಿ. ಫಿಲ್ಲರ್ ಹಿಡಿದುಕೊಳ್ಳುವುದು ಈ ಇಳಿಜಾರಿನಲ್ಲೇ.

ಹೊಂಡ ತುಂಬಾ ಆಳವಾಗಿದ್ದರೆ ಕೆಳಗೆ ಬಾಗುವ ಪಾಲಿಯುರಿಥೇನ್ ಫೋಮ್ ಹಾಕಿ ಮಟ್ಟಕ್ಕೆ ಕತ್ತರಿಸಿ. ಕಿಟಕಿ ಸಂದಿಗೆ ಹೊಡೆಯುವ ಉಬ್ಬುವ ಫೋಮ್ ಡಬ್ಬಿ ಬೇಡ. ಅದು ಗಡಸಾಗುತ್ತದೆ, ಜೊತೆಗೆ ಉಬ್ಬುವಾಗ ಪಕ್ಕದ ಒಳ್ಳೆ ಚರ್ಮವನ್ನೂ ಎತ್ತಿಬಿಡುತ್ತದೆ.

7. ತುಂಬುವುದು. ಎರಡು ಭಾಗವನ್ನೂ ಡಬ್ಬಿ ಮೇಲೆ ಹೇಳಿದ ಅಳತೆಯಲ್ಲೇ ಬೆರೆಸಿ. ಬೇಗ ಗಟ್ಟಿಯಾಗಲಿ ಅಂತ ಒಂದನ್ನು ಜಾಸ್ತಿ ಹಾಕಿದರೆ ಪೂರ್ತಿ ಯಾವತ್ತೂ ಗಟ್ಟಿಯಾಗುವುದಿಲ್ಲ. ಮೊದಲ ಪದರ ತೆಳುವಾಗಿ, ಒತ್ತಿ ಹಚ್ಚಿ, ಗಾಳಿಗುಳ್ಳೆ ಸಿಕ್ಕಿಕೊಳ್ಳದಿರಲಿ. ಅದು ಹಿಡಿದ ಮೇಲೆ ಎರಡನೆಯದು, ಇಳಿಜಾರಿನ ಹೊರ ಅಂಚಿನವರೆಗೂ. ಸ್ವಲ್ಪ ಉಬ್ಬಾಗಿಯೇ ಇರಲಿ, ಉಜ್ಜಿ ಇಳಿಸಬಹುದು.

8. ಉಜ್ಜುವುದು. 80ರಲ್ಲಿ ಆಕಾರ, 180ರಲ್ಲಿ ನಯ, 320ರಲ್ಲಿ ಮುಕ್ತಾಯ. ಬರೀ ಬೆರಳಿನಲ್ಲಿ ಕಾಗದ ಹಿಡಿದರೆ ಮೆದು ಜಾಗದಲ್ಲಿ ಗುಳಿ ಬೀಳುತ್ತದೆ. ಚಪ್ಪಟೆ ಕಡೆ ರಬ್ಬರ್ ಬ್ಲಾಕ್, ಮೀಟರ್ ಹುಬ್ಬಿನ ಮೇಲೆ ಕತ್ತರಿಸಿದ ರಬ್ಬರ್ ಪೈಪಿನ ತುಂಡು ಬಳಸಿ.

ಕಣ್ಣನ್ನು ನಂಬಬೇಡಿ. ರಾತ್ರಿ ಗ್ಯಾರೇಜ್ ದೀಪ ಆರಿಸಿ, ಟಾರ್ಚ್ ಅನ್ನು ಡ್ಯಾಶ್‌ಗೆ ಅಡ್ಡಡ್ಡ ತಾಗಿಸಿ ಹಿಡಿಯಿರಿ. ಹಗಲಲ್ಲಿ ಕಾಣದ ಏರುತಗ್ಗಿಗೆಲ್ಲ ಉದ್ದುದ್ದ ನೆರಳು ಬೀಳುತ್ತದೆ. ಸೂಜಿತೂತು, ಅಂಚಿನ ಸಣ್ಣ ಮೆಟ್ಟಿಲು ಎಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಮತ್ತೆ ತೆಳುವಾಗಿ ಫಿಲ್ಲರ್ ಹಚ್ಚಿ, ಮತ್ತೆ ಉಜ್ಜಿ. ಬಣ್ಣ ಹಾಕಿದರೆ ಮುಚ್ಚಿಹೋಗುತ್ತದೆ ಅನ್ನುವುದು ಭ್ರಮೆ. ಬಣ್ಣ ಎಲ್ಲವನ್ನೂ ಇನ್ನೂ ಚೆನ್ನಾಗಿ ತೋರಿಸುತ್ತದೆ.

9. ಗ್ರೇನ್ ಮತ್ತು ಬಣ್ಣ. ಮೂಲ ವಿನೈಲ್ ಮೇಲೆ ಚರ್ಮದಂಥ ಸಣ್ಣ ಸುಕ್ಕಿನ ವಿನ್ಯಾಸ ಇದೆ, ಅದನ್ನು ಗ್ರೇನ್ ಅನ್ನುತ್ತಾರೆ. ಫಿಲ್ಲರ್ ಹಾಕಿದ ಕಡೆ ಅದು ಇರುವುದಿಲ್ಲ. ತೇಪೆಗಷ್ಟೇ ಟೆಕ್ಸ್ಚರ್ ಸ್ಪ್ರೇ ಹೊಡೆದರೆ ತೇಪೆ ತೇಪೆಯಾಗಿಯೇ ಕಾಣುತ್ತದೆ. ಮೇಲ್ಭಾಗ ಪೂರ್ತಿ, ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೆ ಹೊಡೆಯಿರಿ. ಮೊದಲು ರಟ್ಟಿನ ಮೇಲೆ ಅಭ್ಯಾಸ ಮಾಡಿ. ದೂರದಿಂದ ಹೊಡೆದರೆ ಕಾಳು ಒರಟು, ಹತ್ತಿರದಿಂದ ಹೊಡೆದರೆ ತೇವವಾಗಿ ಸಮವಾಗುತ್ತದೆ. ಮೂಲ ಗ್ರೇನ್‌ಗೆ ತದ್ವತ್ ಹೊಂದುವುದಿಲ್ಲ ಅನ್ನುವುದನ್ನು ಈಗಲೇ ಒಪ್ಪಿಕೊಳ್ಳಿ. ತದ್ವತ್ ಬೇಕೆಂದರೆ ಹೊಸ ಚರ್ಮವೇ ದಾರಿ.

ಬಣ್ಣ ಹಾಕುವ ಮೊದಲು ವಿನೈಲ್‌ಗೆ ಬಣ್ಣ ಹಿಡಿಯುವಂತೆ ಮಾಡುವ ಅಡ್ಹೀಶನ್ ಪ್ರಮೋಟರ್ ಒಂದು ಕೈ ಹೊಡೆಯಿರಿ. ಆಮೇಲೆ ತೆಳು ತೆಳುವಾಗಿ ಬಣ್ಣ. ಮೊದಲ ಪದರದಲ್ಲಿ ಕೆಳಗಿನದು ಕಾಣಲಿ, ಪರವಾಗಿಲ್ಲ. ಹೊಳಪಿನ ಬಣ್ಣ ಮಾತ್ರ ಬೇಡ. ಝೆಡ್‌ನ ಮುಂದಿನ ಗಾಜು ಬಹಳ ಓರೆ, ಹೊಳೆಯುವ ಡ್ಯಾಶ್ ಪೂರ್ತಿ ಅದರಲ್ಲಿ ಪ್ರತಿಫಲಿಸಿ ರಸ್ತೆಯೇ ಕಾಣದಂತಾಗುತ್ತದೆ.

ಬಣ್ಣ ಪೂರ್ತಿ ಒಣಗಿದ ಮೇಲೆ ಡ್ಯಾಶ್ ಅನ್ನು ಒಂದು ದಿನ ಬಿಸಿಲಿಗಿಡಿ. ಏಳುವ ಅಂಚು ಇದ್ದರೆ ಇಲ್ಲೇ ಎದ್ದುಬಿಡಲಿ. ಕಾರಿಗೆ ಕೂರಿಸಿದ ಮೇಲೆ ಏಳುವುದಕ್ಕಿಂತ ವಾಸಿ ಅಲ್ವಾ?

10. ವಾಪಸ್ ಜೋಡಿಸುವುದು. ಮೀಟರ್ ಕೂರಿಸುವ ಮೊದಲು ಎಲ್ಲ ಬಲ್ಬ್ ಹೊಸದು ಹಾಕಿ. ಎಲ್‌ಇಡಿ ಹಾಕಿದರೆ ಬೆಳಕು ಚೆನ್ನಾಗಿರುತ್ತದೆ, ಆದರೆ ಹಳೆ ಡಿಮ್ಮರ್ ಗುಂಡಿ ಅದರ ಜೊತೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಮೀಟರ್‌ನ ಎರಡು ನಟ್ ಗಟ್ಟಿಯಾಗಿದೆಯಾ ಎರಡು ಸಲ ನೋಡಿ. ಸಡಿಲ ಬಿಟ್ಟರೆ ಅಲ್ಲಿ ಬಿಸಿಯಾಗಿ ತಂತಿ ಸುಡುತ್ತದೆ.

ಡ್ಯಾಶ್ ಒಳಗಿಡುವಾಗ ಬಿಸಿಗಾಳಿಯ ಕೊಳವೆಗಳನ್ನು ಮರೆಯಬೇಡಿ, ಆಮೇಲೆ ಕೈ ಹೋಗುವುದಿಲ್ಲ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲಿ ಎರಡು ಮೂರು ಸುತ್ತು ಹಾಕಿ, ಎಲ್ಲವೂ ಕೂತ ಮೇಲೆ ಬಿಗಿ ಮಾಡಿ. ಒಂದು ಮೂಲೆಯನ್ನು ಮೊದಲೇ ಬಿಗಿಯಾಗಿಸಿ ಇನ್ನೊಂದನ್ನು ಎಳೆದು ಕೂರಿಸಿದರೆ ಹೊಸ ರಿಪೇರಿಯ ಮೇಲೇ ಎಳೆತ ಬೀಳುತ್ತದೆ.

ಕನ್ಸೋಲ್, ಗ್ಲೋವ್ ಬಾಕ್ಸ್ ಹಾಕುವ ಮೊದಲೇ ಬ್ಯಾಟರಿ ಜೋಡಿಸಿ ಪರೀಕ್ಷಿಸಿ. ಇಂಡಿಕೇಟರ್, ವೈಪರ್, ಹೆಡ್‌ಲೈಟ್, ಎಲ್ಲ ಮೀಟರ್. ಪಕ್ಕದಲ್ಲಿ ಒಬ್ಬರು ಬ್ಯಾಟರಿ ಹತ್ತಿರ ನಿಂತಿರಲಿ, ಸುಟ್ಟ ವಾಸನೆ ಬಂದ ಕೂಡಲೇ ತಂತಿ ತೆಗೆಯಲು.

ಆಮೇಲೆ

ಹೊಳಪಿನ ಪಾಲಿಶ್ ಮತ್ತೆ ಹಚ್ಚಬೇಡಿ. ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಸಾಕು. ಬಿಸಿಲಿನಲ್ಲಿ ನಿಲ್ಲಿಸುವಾಗ ಗಾಜಿನ ಅಳತೆಗೆ ಸರಿಯಾದ ಸನ್‌ಶೇಡ್ ಹಾಕಿ, ಕಿಟಕಿ ಒಂದು ಬೆರಳಷ್ಟು ಇಳಿಸಿಡಿ. ಮೊದಲ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹಳೆ ಬಿರುಕುಗಳ ತುದಿಗಳನ್ನು ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಷ್ಟು ಗೆರೆ ಕಂಡರೆ ಕೂಡಲೇ ತುದಿಗೆ ತೂತು ಮಾಡಿ, ಅಷ್ಟೇ ಜಾಗಕ್ಕೆ ಆರನೇ ಹಂತದಿಂದ ಮತ್ತೆ ಕೆಲಸ ಮಾಡಿ. ಡ್ಯಾಶ್ ಕಾರಿನಲ್ಲಿದ್ದಾಗಲೇ ಅದನ್ನು ಮಾಡಬಹುದು. ಬೆಳೆದು ಬಾಯಿಬಿಟ್ಟ ಮೇಲಾದರೆ ಮತ್ತೆ ಸ್ಟಿಯರಿಂಗ್ ಬಿಚ್ಚಬೇಕು.